ಆಂಜಿನಮ್ಮನ ಕೈ ಮತ್ತು ಚಿಲುಮೆ ಬೋಗುಣಿ

ಇನ್ನೂ ಬೆಳಕು ಹರಿದಿಲ್ಲ. ರೇಷ್ಮೆ ವ್ಯಾಪಾರಿ ವೆಂಕಟರಾಯಪ್ಪನವರು ಶಿಡ್ಲಘಟ್ಟದಲ್ಲಿ ಕಟ್ಟಿಸಿದ ಹೆರಿಗೆಮನೆಯ ಹಿತ್ತಲಲ್ಲಿ ಆಯಾ ಆಂಜಿನಮ್ಮ ಒಲೆಗೆ ಹಿಪ್ಪುನೇರಳೆ ಕಡ್ಡಿ ತುರುಕಿ ನೀರು ಕಾಯಿಸುತ್ತಿದ್ದಾಳೆ. ಹಂಡೆ ಮರಳುತ್ತಿದ್ದ ಹಾಗೆಯೇ ಒಂದು ಚೊಂಬು ತೋಡಿ, ಆರುವುದಕ್ಕೂ ಬಿಡದೆ ಕೈ ಮೇಲೆ ಸುರಿದುಕೊಳ್ಳುತ್ತಾಳೆ. ಎರಡು ಕೈಯೂ ಕೆಂಪಗೆ ಸುಲಿದಿವೆ. ಯಾಕೆ ಹೀಗೆ ಎಂದು ಕೇಳಿದರೆ, "ಇರ್ಲಿ ಬಿಡಿ ಸ್ವಾಮಿ, ಅಭ್ಯಾಸ ಆಗೋಯ್ತು" ಅನ್ನುತ್ತಾಳೆ.

ಐವತ್ತೆರಡನೇ ಇಸವಿಯಲ್ಲಿ ಗಂಡ ತೀರಿಕೊಂಡಾಗ ಸೇರಿದ ಕೆಲಸ, ಈಗ ಅರವತ್ತೆರಡು. ಬಾಣಂತಿಯರ ಬಟ್ಟೆ ಒಗೆದು, ನೆಲ ಸಾರಿಸಿ, ಬಂದ ಸಂಬಳದಲ್ಲೇ ಮಗಳು ಮಂಗಮ್ಮನನ್ನು ಬೆಳೆಸಿ ಸಾದಲಿಗೆ ಕೊಟ್ಟಿದ್ದಾಳೆ. ಮಂಗಮ್ಮ ಈಗ ತುಂಬು ಗರ್ಭಿಣಿ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾದವಳನ್ನು ಗಂಡನ ಮನೆಯವರು ಕಳಿಸುತ್ತಿಲ್ಲ. ಆ ತಾಯಿಯ ಕೈಯಲ್ಲಿ ನಂಜಿದೆ ಅನ್ನುತ್ತಾರೆ.

ಈ ಮಾತು ಹುಟ್ಟಿದ ಬಗೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಹೊಲಸು ತೆಗೆಯಲು ಆಂಜಿನಮ್ಮ ಬೇಕು, ಮೈ ಮುಟ್ಟಲು ಬೇಡ. ಊರಾಚೆಯ ಕೇರಿಯವಳೆಂದು ದೊಡ್ಡ ಮನೆಯ ಬಾಣಂತಿಯರು ಅವಳಿಂದ ತೊಳೆಸಿಕೊಳ್ಳುತ್ತಿರಲಿಲ್ಲ. ಹೊಲಿಗೆ ಹಾಕಿದ ನೋವಿನಲ್ಲಿ ತಾವಾಗಿ ಬಗ್ಗಲೂ ಆಗದು. ಅದಕ್ಕೆಂದೇ ವೆಂಕಟರಾಯಪ್ಪನವರು ಮದರಾಸಿನಿಂದ ಪಿಂಗಾಣಿಯದೊಂದು ತೊಟ್ಟಿ ತರಿಸಿದರು. ಬಿಡೆಟ್ ಎಂದು ಅದರ ಹೆಸರಂತೆ. ಇಲ್ಲಿನವರಿಗೆ ಚಿಲುಮೆ ಬೋಗುಣಿ. ಅದರ ಮೇಲೆ ಕೂತು ನಲ್ಲಿ ತಿರುಗಿಸಿದರೆ ಕೆಳಗಿನ ಮೂತಿಯಿಂದ ನೀರು ಚಿಮ್ಮಿ ತೊಳೆಯುತ್ತದೆ, ಯಾರ ಕೈಯೂ ತಾಕುವುದಿಲ್ಲ. ಎಲ್ಲರಿಗೂ ಖುಷಿಯೋ ಖುಷಿ. ಒಂದೇ ಮೂತಿಯ ನೀರು ಎಲ್ಲರನ್ನೂ ತಾಕುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಆಂಜಿನಮ್ಮನಿಗೂ ಹೊಳೆಯಲಿಲ್ಲ.

ಹೋದ ವರ್ಷ ಬಾಣಂತಿಯರು ಒಬ್ಬರ ಹಿಂದೊಬ್ಬರು ಜ್ವರ ಬಂದು ಮಲಗಿದರು. ಮಂಡಿಕಲ್ಲಿನ ವರಲಕ್ಷ್ಮಮ್ಮ ಉಳಿಯಲಿಲ್ಲ. ಲೇಡಿ ಡಾಕ್ಟರು ಪರೀಕ್ಷೆ ಮಾಡಿಸಿ, ಬೋಗುಣಿಯ ಮೂತಿಯಲ್ಲಿ ಕೊಳೆ ಸೇರಿ ನಂಜು ಹರಡಿದೆ ಎಂದು ಅದನ್ನು ಕೀಳಿಸಿದರು. ಆದರೂ ನಂಜು ಆಂಜಿನಮ್ಮನ ಕೈಯದೇ ಎಂದ ಊರಿನವರ ಬಾಯಿ ಮುಚ್ಚಿಸುವವರಾರು? ಯಾರ ಮೈಗೂ ತಾಕದ ಕೈಯಿಂದ ನಂಜು ಹೇಗೆ ಬಂತೆಂದು ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ.

"ಆ ವರಲಕ್ಷ್ಮಮ್ಮನೋರು ಒಲ್ಲೆ ಅಂದ್ರು ಸ್ವಾಮಿ, ಕೆಳಗಿಂದ ನೀರು ಬಂದ್ರೆ ನಾಚ್ಕೆ ಅಂತ. 'ಏನೂ ಆಗಲ್ಲ, ಕೂತ್ಕೊಳ್ಳಿ' ಅಂತ ಪುಸಲಾಯಿಸಿ ಕೂರ್ಸಿದ್ದು ನಾನೇ. ನಲ್ಲಿ ತಿರುಗ್ಸಿದ್ದು ಇದೇ ಕೈ," ಎಂದು ಆಂಜಿನಮ್ಮ ಒಲೆ ಕಡೆ ತಿರುಗುತ್ತಾಳೆ.

ಬಿಸಿಲೇರುವ ಹೊತ್ತಿಗೆ ಅಳಿಯ ಚಲಪತಿ ಸಾದಲಿಯಿಂದ ಬರುತ್ತಾನೆ. ಡಾಕ್ಟರನ್ನು ಕಂಡೇ ಹಿತ್ತಲಿಗೆ ಬಂದಿದ್ದಾನೆ.

"ಅತ್ತೆ, ನಿಮ್ದೇನೂ ತಪ್ಪಿಲ್ವಂತೆ. ನಮ್ಮಮ್ಮನೂ ಒಪ್ಕೊಂಡೈತೆ. ನಾಳೆ ಮಂಗಮ್ಮನ್ನ ಗಾಡೀಲಿ ಕರ್ಕೊಂಡ್ ಬರ್ತೀನಿ."

ಇಷ್ಟು ದಿನ ಅವಳು ಹಂಬಲಿಸಿ ಕಾದದ್ದು ಈ ಮಾತಿಗೇ. ಆದರೆ ಆಂಜಿನಮ್ಮನ ಮುಖ ಅರಳುವುದಿಲ್ಲ. ಸುಲಿದ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಹೇಳುತ್ತಾಳೆ:

"ಬೇಡ ಕಣಪ್ಪ. ಅಲ್ಲೇ ಹೆರ್ಲಿ. ಊರೋರು ಅಂದ್ರೆ ಅಂದ್ಕೊಳ್ಳಲಿ, ನಂಗೇ ಈ ಕೈ ಮೇಲೆ ನಂಬ್ಕೆ ಹೋಗೈತೆ. ಮಗು ಆಯ್ತು, ತಾಯಿ ಚೆನ್ನಾಗವ್ಳೆ ಅಂತ ಯಾರ್ ಕೈಲಾದ್ರೂ ಹೇಳಿ ಕಳ್ಸು. ಅಷ್ಟೇ ಸಾಕು."