ಸೈತಾನನ ಉಗುರಿನ ಸರ

ಪಕ್ಕದ ಮನೆಯ ಅಘಾವ್ನಿಯ ಬೆರಳುಗಳಲ್ಲಿ ಗಾಯವಿಲ್ಲದ ದಿನವನ್ನು ನಾನು ಕಂಡಿಲ್ಲ. ನಮ್ಮ ಆರ್ತೇನಿ ಬೆಟ್ಟ ಎಂದೋ ಬೆಂಕಿ ಕಾರಿ ತಣ್ಣಗಾದದ್ದು. ಆಗ ಹರಿದು ಗಾಜಿನಂತಾದ ಕರಿಕಲ್ಲು ಈಗಲೂ ಉಳುವಾಗ ಮೇಲೆದ್ದು ಬರುತ್ತದೆ. ಅದನ್ನು ಆಯ್ದು ತಂದು, ನೀರು ಹನಿಸುತ್ತ ಸಾಣೆ ಹಿಡಿದು, ಬೆಳ್ಳಿ ತಂತಿಯಲ್ಲಿ ಪೋಣಿಸಿ ಒಡವೆ ಮಾಡುವುದು ನಲವತ್ತು ವರ್ಷದಿಂದ ಅವಳ ಕಸುಬು.

ನಾವು ಅದಕ್ಕೆ ಸೈತಾನನ ಉಗುರು ಎನ್ನುತ್ತೇವೆ. ಬೆಟ್ಟವನ್ನು ಪರಚಲು ಹೋಗಿ ಅವನು ಉಗುರು ಮುರಿದುಕೊಂಡನಂತೆ. ಉಗುರಿಲ್ಲದವನು ಯಾರನ್ನು ಪರಚಿಯಾನು? ಅದಕ್ಕೇ ನಮ್ಮೂರ ತೊಟ್ಟಿಲುಗಳಿಗೆಲ್ಲ ಒಂದೊಂದು ಚೂರು ಕಟ್ಟಿರುತ್ತೇವೆ.

ಅಘಾವ್ನಿಯ ಮಗ ವಾಹಾನನಿಗೆ ಗ್ಯುಮ್ರಿ ಪಟ್ಟಣದ ಕಡೆಯ ಶೋಘಿಕ್ ಎಂಬ ಹುಡುಗಿ ಗೊತ್ತಾದಳು. ಅತ್ತೆಯಾಗುವವಳು ಕೈಯಾರೆ ಕೊರಳಿಗೆ ಒಡವೆ ಹಾಕಿದರೇ ಮಾತು ಗಟ್ಟಿ. ಅಘಾವ್ನಿ ಇಡೀ ಚಳಿಗಾಲ ಕೂತು ಒಂದು ಸರ ಮಾಡಿದಳು. ಹೆಣ್ಣಿನ ಮನೆಗೆ ಹೋದಾಗ ಜೊತೆಗೆ ನಾನೂ ಇದ್ದೆ.

ಹುಡುಗಿ ಕೊರಳು ಬಾಗಿಸಿದಳು. ಅವಳ ಅಜ್ಜಿ ವರ್ಸೆನಿಕ್ ನಡುವೆ ಕೈ ಹಾಕಿ ಮಣಿಯನ್ನು ಬೆಳಕಿಗೆ ಹಿಡಿದಳು.

"ಒಳಗೆ ಹೊಗೆ ಆಡ್ದಂಗಿದೆ! ಯಾವ ಕಲ್ಲು, ಬೀಗಿತ್ತಿ?"

"ಸೈತಾನನ ಉಗುರು," ಎಂದಳು ಅಘಾವ್ನಿ, ಹೆಮ್ಮೆಯಿಂದ.

ಅಜ್ಜಿ ಕೈ ಸುಟ್ಟವಳಂತೆ ಬಿಟ್ಟಳು. "ಅಯ್ಯೋ! ಕಳಕೊಂಡವನು ಹುಡುಕ್ಕೊಂಡು ಬರಲ್ವಾ? ನಮ್ಮ ಮಗೀನ ಕೊರಳಿಗೇ ಕೈ ಹಾಕ್ತಾನೆ!"

ಅಘಾವ್ನಿ ಪಿಳಿಪಿಳಿ ನೋಡಿದಳು. ಹೀಗೊಂದು ಯೋಚನೆ ಅವಳಿಗೆ ಬಂದೇ ಇರಲಿಲ್ಲ. "ನಲವತ್ತು ವರ್ಷದಲ್ಲಿ ಯಾರೂ ಕೇಳ್ಕೊಂಡು ಬಂದಿಲ್ವಲ್ಲಮ್ಮಾ..."

"ನಿಮ್ಮೂರು ಅವನಿಗೆ ತೌರುಮನೆ ಇರ್ಬೇಕು!"

ವಾಹಾನ್ ನಡುವೆ ಬಾಯಿ ಹಾಕಿದ. "ಅಜ್ಜಿ ಜಾನ್, ಅದು ಬರೀ ಒಬ್ಸಿಡಿಯನ್. ಪುಸ್ತಕದಲ್ಲಿ ಹಾಗೇ ಬರೀತಾರೆ."

ಅಜ್ಜಿಯ ಮುಖ ಅರಳಿತು. ಕುಪ್ಪಸದೊಳಗಿಂದ ದಾರವೊಂದನ್ನು ಎಳೆದಳು. ತುದಿಯಲ್ಲಿ ಅಂಥದೇ ಮಣಿ. "ಒಬ್ಸಿಡಿಯನ್ನಾ? ಮಂಡಿನೋವಿಗೆ ಅಂತ ಮಾಲೀಸಿನವಳು ಕೊಟ್ಟಿದ್ದು. ನೋವು ಹೋಗೇಬಿಡ್ತು! ಹಾಗಾದ್ರೆ ರೊಟ್ಟಿ ಮುಟ್ಟಿ ಆಣೆ ಮಾಡಿ, ಬೀಗಿತ್ತಿ. ಇದು ಒಬ್ಸಿಡಿಯನ್ನು, ಸೈತಾನಂದಲ್ಲ ಅಂತ."

ಅಘಾವ್ನಿ ರೊಟ್ಟಿ ಎತ್ತಿಕೊಂಡಳು. "ಇದು ಒಬ್ಸಿಡಿಯನ್ನು..." ಮಗನನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ರೊಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ಎರಡೂ ಒಂದೇ ಅಮ್ಮಾ. ರೊಟ್ಟಿ ಮುಟ್ಟಿ ಸುಳ್ಳು ಹೇಳಕ್ಕಾಗಲ್ಲ."

ಅಜ್ಜಿ ತನ್ನ ಮಣಿಯನ್ನೂ ಸರವನ್ನೂ ಅಕ್ಕಪಕ್ಕ ಹಿಡಿದು ನೋಡಿ ಮೊಮ್ಮಗಳತ್ತ ತಿರುಗಿದಳು. "ಮತ್ತೆ ನನ್ನ ಮಂಡಿ ವಾಸಿ ಮಾಡಿದ್ದು ಯಾರೇ?"

"ನೀನು ಮೊದಲು ಅದನ್ನ ಬಿಚ್ಚಜ್ಜಿ," ಎಂದಳು ಶೋಘಿಕ್. "ಆಮೇಲೆ ನಾನೂ ಬೇಡ ಅಂತೀನಿ."

ಅಜ್ಜಿಯ ಕೈ ದಾರಕ್ಕೆ ಹೋಯಿತು. ಅಲ್ಲಿಂದ ಮಂಡಿಗೆ ಇಳಿಯಿತು. ಕೊನೆಗೆ ಮೂರು ಸಲ ಶಿಲುಬೆ ಗುರುತು ಹಾಕಿಕೊಂಡು, "ಹಾಕ್ಸ್ಕೋ, ಏನಾರ ಮಾಡ್ಕೊಳ್ಳಿ," ಎಂದಳು. ಅಘಾವ್ನಿ ಹುಡುಗಿಯ ಕೊರಳಿಗೆ ಸರ ಹಾಕಿ ಕೊಂಡಿ ಸಿಕ್ಕಿಸಿದಳು.

ಮದುವೆಯಾಗಿ ಎರಡು ವರ್ಷವಾಯಿತು. ಈಗ ಗಿರಾಕಿಗಳು ಇದು ಯಾವ ಕಲ್ಲೆಂದು ಕೇಳಿದರೆ ಅಘಾವ್ನಿ ತಡವರಿಸುತ್ತಾಳೆ. ಆಮೇಲೆ, "ನಿಮ್ಮ ಕಡೆ ಇದಕ್ಕೆ ಏನಂತಾರೆ?" ಎಂದು ಅವರನ್ನೇ ಕೇಳುತ್ತಾಳೆ.