ಎಳನೀರಿನ ಉಪವಾಸ

ನನ್ನ ಹೆಂಡತಿ ಸೋಮವಾರ ಹನಿ ನೀರೂ ಮುಟ್ಟುವವಳಲ್ಲ. ಸಂಜೆ ಲಿಂಗಪೂಜೆ ಮುಗಿದ ಮೇಲೆಯೇ ಅವಳ ಬಾಯಿಗೆ ಏನಾದರೂ ಹೋಗುವುದು. ದೇವರನ್ನು ನಂಬದ ನಾನು ಮೂವತ್ತು ವರ್ಷ ಅದನ್ನು ಆಡಿಕೊಂಡಿದ್ದೇನೆ. "ನೀನು ಹಸ್ಕಂಡಿದ್ರೆ ಶಿವನಿಗೇನು ಲಾಭ ಕಣೇ?" ಅನ್ನುತ್ತಿದ್ದೆ. ಅವಳು ನನಗೆ ಬಿಸಿ ಮುದ್ದೆ ಬಡಿಸುತ್ತಿದ್ದಳು.

ಹೋದ ವರ್ಷ ನಮ್ಮೂರ ಪಶು ಆಸ್ಪತ್ರೆಯಲ್ಲಿ ಡಾಕ್ಟರೇ ಇಲ್ಲದಂತಾಯಿತು. ಕರು ಹಾಕಲಾಗದೆ ಒದ್ದಾಡುತ್ತಿದ್ದ ನಮ್ಮ ಹಸು, ನೊಣವಿನಕೆರೆಯಿಂದ ಡಾಕ್ಟರನ್ನು ಕರೆತರುವಷ್ಟರಲ್ಲಿ ಸತ್ತೇಹೋಯಿತು. ಆ ಸಿಟ್ಟಿಗೆ ಒಂದು ಶನಿವಾರ ನಾವು ಹತ್ತು ಮಂದಿ ಆಸ್ಪತ್ರೆ ಮುಂದೆ ಶಾಮಿಯಾನ ಹಾಕಿ ಉಪವಾಸ ಕೂತೆವು. ನನ್ನದೇ ಮುಂದಾಳತ್ವ. ಇದು ಹಕ್ಕಿನ ಉಪವಾಸ, ಹರಕೆಯದಲ್ಲ ಎಂದು ಮೈಕು ಹಿಡಿದು ಭಾಷಣವನ್ನೂ ಬಿಗಿದೆ.

ತೋಟದವರಿಗೆ ಎಳನೀರು ಎಂದರೆ ನೀರೇ. ಬಂದವರೆಲ್ಲ ಗೊನೆಗೊನೆಯೇ ತಂದರು. ಕುಡಿದೆವು, ಒಳಗಿನ ಗಂಜಿಯನ್ನೂ ಕೆರೆದು ತಿಂದೆವು, ಉಪವಾಸ ಮುರಿಯಿತೆಂದು ಒಬ್ಬರಿಗೂ ಹೊಳೆಯಲಿಲ್ಲ. ಮಧ್ಯಾಹ್ನ ಬಂದ ಅಧಿಕಾರಿ ಪಕ್ಕದಲ್ಲಿದ್ದ ಬುರುಡೆಗಳ ರಾಶಿ ನೋಡಿ, "ಉಪವಾಸ ಭರ್ಜರಿಯಾಗೇ ನಡೀತಿದೆ" ಎಂದು ನಕ್ಕು ಜೀಪು ಹತ್ತಿದರು. ನನಗೆ ತಲೆ ಎತ್ತಲಾಗಲಿಲ್ಲ.

ಸುದ್ದಿ ತಿಳಿದು ಸಂಜೆಗೆ ಹೆಂಡತಿ ಬಂದಳು.

"ನಿಮ್ಮ ಕೈಲಾಗಲ್ಲ ಬುಡ್ರೀ. ನಾನು ಕೂತ್ಕತೀನಿ."

"ಇದು ಪೂಜೆ ಅಲ್ಲ ಕಣೇ."

"ಹಸುಗೋಸ್ಕರ ಹಸ್ಕಂಡಿರೋಕೆ ಮಂತ್ರ ಯಾಕ್ರೀ ಬೇಕು?"

ಕೂತೇಬಿಟ್ಟಳು. ಭಾನುವಾರ ಶಾಮಿಯಾನದಲ್ಲೇ ಲಿಂಗಪೂಜೆ ಮಾಡಿ, ಗುಟುಕು ನೀರು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಎಳನೀರು ತಂದವರನ್ನು ಹಾಗೇ ವಾಪಸು ಕಳಿಸಿದಳು. ಊರಿನ ಹೆಂಗಸರೆಲ್ಲ ಬಂದು ಅವಳ ಸುತ್ತ ಕೂತರು. ಇವಳು ನನ್ನ ಹೆಂಡತಿ ಎಂದು, ಗೊತ್ತಿದ್ದವರಿಗೂ ಹೇಳಿಕೊಂಡು ತಿರುಗಿದೆ. ಅಷ್ಟು ಹೆಮ್ಮೆ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅದೇ ಅಧಿಕಾರಿ ಹೊಸ ಡಾಕ್ಟರನ್ನು ಜೀಪಿನಲ್ಲಿ ಕೂರಿಸಿಕೊಂಡೇ ಬಂದರು. ಈ ಸಲ ನಗಲಿಲ್ಲ. ಕೆತ್ತಿದ ಎಳನೀರನ್ನು ಎರಡೂ ಕೈಯಲ್ಲಿ ಹಿಡಿದು, "ಕುಡೀರಮ್ಮ, ಉಪವಾಸ ಬಿಡಿ" ಅಂದರು.

"ಮೊದ್ಲು ಕಾಗ್ದ ಓದಿ ಸ್ವಾಮಿ."

ಅವರು ಡಾಕ್ಟರ ನೇಮಕದ ಆದೇಶವನ್ನು ಎಲ್ಲರಿಗೂ ಕೇಳುವಂತೆ ಓದಿದರು. ಜನ ಚಪ್ಪಾಳೆ ಹೊಡೆದರು. ಅವಳು ಎಳನೀರು ಇಸಿದುಕೊಂಡು ನೇರ ನನ್ನ ಕೈಗೆ ಕೊಟ್ಟಳು.

"ನೀವು ಕುಡೀರಿ. ಇವತ್ತು ಸೋಮ್ವಾರ, ನಾನು ಸಂಜೆಗಂಟ ಮುಟ್ಟಂಗಿಲ್ಲ."

ಮೂವತ್ತು ವರ್ಷ ನಕ್ಕ ಬಾಯಿಗೆ ಆ ಎಳನೀರು ಇಳಿಯಲಿಲ್ಲ. ಪಕ್ಕದವರಿಗೆ ಕೊಟ್ಟು, ಸಂಜೆಯವರೆಗೂ ಅವಳ ಜೊತೆ ಹಸಿದು ಕೂತೆ.