ಡೆಮೊದಾಗಿನ ಭತ್ತದ ಗದ್ದಿ

ಹೊಸ ಗೇಮ್‌ಗಳ ಡೆಮೊ ಆಡಿ ಒಂದೊಂದಕ್ಕೂ ಎರಡು ಸಾಲು ಅಭಿಪ್ರಾಯ ಬರಿಯೋದು ನನ್ನ ಕೆಲಸ. ಅವತ್ತು ಸಿರುಗುಪ್ಪದಿಂದ ಬಳ್ಳಾರಿಗೆ ಬರೋ ಬಸ್ಸಿನಾಗ ಮೊಬೈಲ್ ಹಿಡಕೊಂಡು ಕುಂತಿದ್ದೆ. ಕಾರ್ ರೇಸಿನ ಡೆಮೊ ಜೋರಿತ್ತು. ದೆವ್ವದ್ದು ಆಡುವಾಗ ಆಕಳಿಕಿ ಬಂತು. ಮೂರನೇದು ಬ್ಯಾಸಾಯದ್ದು. ಅದು ಹೇಳಿದಂಗ ಒಣ ಮಣ್ಣಾಗ ಭತ್ತದ ಸಸಿ ಊರಿದೆ, ಚಪ್ಪಾಳಿ ಬಿತ್ತು.

ತೆಕ್ಕಲಕೋಟೆಯಾಗ ಹತ್ತಿ ಬಾಜೂಕ ಕುಂತಿದ್ದ ಅಕ್ಕ ಬಗ್ಗಿ ನೋಡಿದ್ಲು. "ಒಣ ಗದ್ದ್ಯಾಗ ನಾಟಿ ಹಚ್ತಾರೇನೋ ತಮ್ಮಾ? ಮೊದಲ ನೀರು ಬಿಡು" ಅಂದ್ಲು.

ಮೊಬೈಲ್ ಆಕಿ ಕೈಗೇ ಕೊಟ್ಟೆ. ಆಕಿ ಗದ್ದಿ ತುಂಬ ನೀರು ಬಿಟ್ಲು. ಬೆಳಿ ಹಾಳಾತು ಅಂತು ಗೇಮ್. ಮತ್ತ ಬಿಟ್ಲು, ಮತ್ತ ಹಾಳು.

"ಅಕ್ಕಾ, ಅದು ಹೇಳಿದಂಗ ಮಾಡ್ರಿ, ಗೆಲ್ತೀರಿ" ಅಂದೆ.

"ಸಣ್ಣಾಕಿ ಇದ್ದಾಗಿಂದ ಕೆಸರಾಗ ನಿಂತು ನಾಟಿ ಹಚ್ಚೀನಿ. ಇದರ ಮಾತು ನಾ ಯಾಕ ಕೇಳ್ಲಿ? ಇದೇ ನನ್ನ ಮಾತು ಕೇಳ್ಲಿ!"

ಬಳ್ಳಾರಿ ಬರೋ ತನಕ ಆಕಿ ಏಳು ಸಲ ಸೋತ್ಲು. ಒಂದು ಸಲಾನೂ ಒಣ ಮಣ್ಣಿಗೆ ಸಸಿ ಇಡಲಿಲ್ಲ.

'ಈ ಗೇಮಿಗೆ ಭತ್ತ ಬೆಳ್ಯಾಕ ಬರಂಗಿಲ್ಲ' ಅಂತ ಬರದೆ. ಆ ಸಾಲು ತೆಗಿ ಅಂದ್ರು ಆಫೀಸಿನೋರು. ತೆಗಿಯಂಗಿಲ್ಲ ಅಂದೆ. ಅನುಮಾನ ಇದ್ರ ನಾಟಿ ಟೈಮಿನಾಗ ತೆಕ್ಕಲಕೋಟೆಗೆ ಬರ್ರಿ, ಬರೋವಾಗ ಪ್ಯಾಂಟ್ ಮಾತ್ರ ಮ್ಯಾಲೆ ಮಡಚಿಕೊಂಡು ಬರ್ರಿ.